ಅಪ್ಪನ ಬೂಟುಗಳನ್ನು ಏನು ಮಾಡಲಿ?

ಪ್ರಶ್ನೆ: ನನಗೆ 39 ವರ್ಷ. ಹಾಸನದಲ್ಲಿ ಶಿಕ್ಷಕಿ. ತವರು ಮೂಡಿಗೆರೆ ಕಡೆ. ಅಪ್ಪ ಅಲ್ಲಿನ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ನೋಡುವವರು, ಆಗಿದ್ದರು. ಹೋದ ವರ್ಷ ಆಷಾಢದಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಎರಡು ಜೊತೆ ಬೂಟುಗಳಿಂದ ಈಗ ಎರಡೂ ಮನೆಯಲ್ಲಿ ಮಾತು ಕೆಟ್ಟಿದೆ.

ಒಂದು, ತೋಟಕ್ಕೆ ಹಾಕುತ್ತಿದ್ದ ಗಂಬೂಟು. ಎಡಗಾಲಿನದಕ್ಕೆ ಸೈಕಲ್ ಟ್ಯೂಬಿನ ತೇಪೆ ಇತ್ತು. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅವ್ವ ಅದನ್ನು ನಮ್ಮನ್ನು ಕೇಳದೆ ತೋಟದ ಆಳೊಬ್ಬರಿಗೆ ಕೊಟ್ಟುಬಿಟ್ಟರು. ಗೌರಿ ಹಬ್ಬಕ್ಕೆ ಹೋದಾಗ ಅವರು ಅದೇ ಬೂಟು ಹಾಕಿಕೊಂಡು ಆಳುಗಳ ಲೈನ್ ಮನೆ ಕಡೆಯಿಂದ ಬರುತ್ತಿದ್ದರು. ದೂರದಿಂದಲೇ ತೇಪೆ ಕಂಡಿತು. ಅಲ್ಲೇ ಅತ್ತುಬಿಟ್ಟೆ. ಅವ್ವನಿಗೆ ಬಾಯಿಗೆ ಬಂದ ಹಾಗೆ ಅಂದೆ. ಅವತ್ತಿನಿಂದ ಫೋನಿನಲ್ಲಿ ‘ಊಟ ಆಯ್ತಾ’ ಬಿಟ್ಟರೆ ಬೇರೆ ಮಾತಿಲ್ಲ.

ಇನ್ನೊಂದು, ಕಪ್ಪು ಲೆದರ್ ಶೂ. ಅಪ್ಪ ಹತ್ತನೇ ತರಗತಿವರೆಗೂ ಬರಿಗಾಲಲ್ಲಿ ಶಾಲೆಗೆ ಹೋದವರು. ಈ ಶೂ ಕೊಂಡದ್ದು ನನ್ನ ಮದುವೆಗೆ. ಆಮೇಲೆ ಹಾಕಿದ್ದು ನಾನು ಕೆಲಸಕ್ಕೆ ಸೇರಿದ ದಿನ, ತಮ್ಮನ ಮದುವೆ ದಿನ, ಅಷ್ಟೇ. ಸೊಂಟನೋವಿಗೆ ಬಗ್ಗಲು ಆಗುತ್ತಿರಲಿಲ್ಲ. ಲೇಸು ನಾನೇ ಕಟ್ಟಿದ್ದೆ. ಅವರು ಅದನ್ನು ಬಿಚ್ಚದೆ ಹಾಗೇ ಕಾಲು ತೂರಿಸಿ ಹಾಕುತ್ತಿದ್ದರು, ಹಾಗೇ ಕಳಚುತ್ತಿದ್ದರು. ಆ ಗಂಟು ಈಗಲೂ ಇದೆ. ಶೂ ನನ್ನ ಬೀರುವಿನಲ್ಲಿದೆ. ಮೊನ್ನೆ ಕವರ್ ಬಿಚ್ಚಿದರೆ ಪೂರ್ತಿ ಬೂಷ್ಟು ಹಿಡಿದಿತ್ತು. ಅತ್ತೆ, ‘ಸತ್ತವರ ಮೆಟ್ಟು ಮನೆಯಲ್ಲಿದ್ದರೆ ಏಳಿಗೆ ಇಲ್ಲ, ವರ್ಷದ ತಿಥಿಯೊಳಗೆ ಆಚೆ ಕಳಿಸು’ ಅನ್ನುತ್ತಾರೆ. ನಮ್ಮ ಮನೆಯವರು ‘ವಾಚು, ಫೋಟೊ ಇದೆಯಲ್ಲ, ಸಾಲದಾ?’ ಅನ್ನುತ್ತಾರೆ. ಆ ಆಳಿಗೆ ಹೊಸ ಗಂಬೂಟು ತೆಗೆದುಕೊಟ್ಟು ಹಳೆಯದನ್ನು ವಾಪಸ್ ಕೇಳಲಾ? ಶೂ ಎಲ್ಲಿಡಲಿ? ನನಗೇ ತಲೆ ಕೆಟ್ಟಿದೆಯಾ?

– ಹೆಸರು ಬೇಡ, ಹಾಸನ

ಉತ್ತರ: ತಂಗಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ನಿಮಗೆ ತಲೆ ಕೆಟ್ಟಿಲ್ಲ. ಶೂ ಇಟ್ಟುಕೊಳ್ಳಿ. ಗಂಬೂಟು ವಾಪಸ್ ಕೇಳಬೇಡಿ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದನ್ನೇ ನೀವು ಮನೆಯವರಿಗೂ ಹೇಳಬೇಕಾಗುತ್ತದೆ.

ಸತ್ತವರ ವಸ್ತುಗಳನ್ನು ಹಿಡಿದುಕೊಂಡಿದ್ದರೆ ದುಃಖ ಕಳೆಯುವುದಿಲ್ಲ, ಬಿಡಿಸಿಕೊಳ್ಳಬೇಕು ಅನ್ನುವ ಮಾತು ಹಳೆಯದು. 1917ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಕೂಡ ಹೆಚ್ಚುಕಡಿಮೆ ಇದನ್ನೇ ಬರೆದರು. ಆದರೆ 1996ರಲ್ಲಿ ಡೆನ್ನಿಸ್ ಕ್ಲಾಸ್ ಎಂಬ ಅಮೆರಿಕದ ವಿದ್ವಾಂಸರು ಮತ್ತು ಅವರ ಜೊತೆಗಾರರು ಬೇರೆ ಮಾತು ಹೇಳಿದರು. ಮಕ್ಕಳನ್ನು ಕಳೆದುಕೊಂಡವರು, ತಂದೆತಾಯಿಯನ್ನು ಕಳೆದುಕೊಂಡವರು ಸಂಬಂಧ ಕಡಿದುಕೊಳ್ಳುವುದಿಲ್ಲ, ಅದನ್ನು ಇನ್ನೊಂದು ರೀತಿಯಲ್ಲಿ ಮುಂದುವರಿಸುತ್ತಾರೆ, ಅದರಲ್ಲಿ ರೋಗ ಏನೂ ಇಲ್ಲ ಎಂದರು. ಪ್ರತಿವರ್ಷ ಎಡೆ ಇಟ್ಟು ಹಿರಿಯರನ್ನು ಕರೆಯುವ ನಮ್ಮ ಜನಕ್ಕೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನೀವು ಕೆಲಸಕ್ಕೆ ಹೋಗುತ್ತಿದ್ದೀರಿ, ಮನೆ ನಡೆಸುತ್ತಿದ್ದೀರಿ, ಹಬ್ಬಕ್ಕೆ ಊರಿಗೆ ಹೋಗಿದ್ದೀರಿ. ಶೂ ನೋಡಿದಾಗ ಅಳು ಬರುತ್ತದೆ, ಅಷ್ಟೇ ಅಲ್ವಾ? ಒಂದು ವೇಳೆ ಇಷ್ಟು ತಿಂಗಳಾದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಪಾಠ ಮಾಡಲು ಆಗುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತದೆ ಅಂತಿದ್ದರೆ ತಡ ಮಾಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಈಗ ನಿಮ್ಮ ಮನೆಯವರ ಪ್ರಶ್ನೆ. ವಾಚು ಇದೆಯಲ್ಲ, ಸಾಲದಾ? ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ ಅನ್ನಿಸುತ್ತದೆ. ನೆನಪಿಗೆ ಒಂದು ವಸ್ತು ಬೇಕು, ವಾಚು ಚೆನ್ನಾಗಿದೆ, ನಾಲ್ಕು ಜನರ ಎದುರು ತೋರಿಸಬಹುದು ಎಂದು ಅವರ ಲೆಕ್ಕ. ಆದರೆ ವಾಚಿನಲ್ಲಿ ನಿಮ್ಮಪ್ಪನ ಗುರುತು ಎಷ್ಟಿದೆ? ಅದು ಯಾರ ಕೈಗಾದರೂ ಸರಿಹೋಗುತ್ತದೆ. ಅವರ ಅಂಗಿ ಒಗೆದರೆ ಮಡಿಕೆ ಹೋಗುತ್ತದೆ. ಶೂ ಹಾಗಲ್ಲ. ಬೆರಳು ಮಡಚುವ ಕಡೆ ಬಿದ್ದ ಗೆರೆ, ಒಳಗೆ ಹೆಬ್ಬೆರಳು ಒತ್ತಿದ ಗುಳಿ, ಹಿಮ್ಮಡಿಯಲ್ಲಿ ಒಂದು ಕಡೆ ಜಾಸ್ತಿ ಸವೆದದ್ದು, ಇವೆಲ್ಲ ಅವರೊಬ್ಬರ ನಡಿಗೆಯಿಂದಲೇ ಆದದ್ದು. ಕಾಲುನೋವೆಂದು ಹೋದರೆ ಕೆಲವು ಡಾಕ್ಟರರು ಹಳೆಯ ಶೂ ತನ್ನಿ ಅನ್ನುತ್ತಾರೆ. ಅಡಿ ಸವೆದ ರೀತಿ ನೋಡಿ ಆ ಮನುಷ್ಯ ಹೇಗೆ ನಡೆಯುತ್ತಾನೆ ಎಂದು ಅವರಿಗೆ ಗೊತ್ತಾಗುತ್ತದೆ. ನಿಮ್ಮಪ್ಪ ಮೂರು ಸಲ ಮಾತ್ರ ಹಾಕಿದ ಶೂ ಅಷ್ಟೊಂದು ಸವೆದಿರಲಿಕ್ಕಿಲ್ಲ. ಅದರ ಬದಲು ಅದರಲ್ಲಿ ನಿಮ್ಮ ಕೈಯ ಗಂಟು ಇದೆ.

ಇನ್ನೊಂದು ಮಾತನ್ನು ನೀವು ಪತ್ರದಲ್ಲಿ ಹಾಗೇ ದಾಟಿಸಿಬಿಟ್ಟಿದ್ದೀರಿ. ಹತ್ತನೇ ತರಗತಿವರೆಗೆ ಬರಿಗಾಲು. ನಮ್ಮ ಕಡೆ ಆ ಕಾಲದ ಎಷ್ಟೋ ಮನೆಯಲ್ಲಿ ಚಪ್ಪಲಿ ಕೊಳ್ಳುವುದು ದೊಡ್ಡ ಖರ್ಚು. ಸಾಹುಕಾರರ ಮನೆ ಮುಂದೆ ಹಾದುಹೋಗುವಾಗ ಇದ್ದ ಚಪ್ಪಲಿಯನ್ನೂ ಕೈಯಲ್ಲಿ ಹಿಡಿದು ನಡೆಯಬೇಕಾದ ಜಾತಿಗಳ ಜನ ಇದ್ದರು. ಆ ಕಾಲ ನೋಡಿದ ಮನುಷ್ಯ ಮಗಳ ಮದುವೆಗೆಂದು ಅಂಗಡಿಗೆ ಹೋಗಿ, ಸ್ಟೂಲಿನ ಮೇಲೆ ಕುಳಿತು, ಲೇಸಿನ ಲೆದರ್ ಶೂ ಕೊಂಡಿದ್ದಾರೆ. ಆಮೇಲೆ ನಿಮಗೆ ನೌಕರಿ ಸಿಕ್ಕ ದಿನ ಮತ್ತೆ ಅದನ್ನೇ ಹಾಕಿದ್ದಾರೆ. ಇದನ್ನು ನಿಮ್ಮ ಮನೆಯವರಿಗೆ ಪೂರ್ತಿ ಹೇಳಿದ್ದೀರಾ? ಲೇಸಿನ ವಿಷಯ? ಹೇಳಿಲ್ಲ ಎಂದು ನನ್ನ ಅನುಮಾನ. ಅವರ ಕಣ್ಣಿಗೆ ಕಾಣುತ್ತಿರುವುದು ಬೂಷ್ಟು ಹಿಡಿದ ಒಂದು ಜೊತೆ ಶೂ ಮಾತ್ರ. ಕೂರಿಸಿಕೊಂಡು ಹೇಳಿ.

ಅತ್ತೆಯವರ ಮಾತು ಸ್ವಲ್ಪ ಕಷ್ಟದ್ದು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದರೆ ನಿಮಗೂ ಅವರಿಗೂ ನೆಮ್ಮದಿ ಇರುವುದಿಲ್ಲ. ಚಪ್ಪಲಿ ಬಾಗಿಲಾಚೆ ಇರಬೇಕು ಎಂದು ನಾವೆಲ್ಲ ಬೆಳೆದದ್ದೇ ಹಾಗೆ. ಸಾವಿನ ಮೇಲೆ ಚಪ್ಪಲಿ, ಕೊಡೆ ದಾನ ಕೊಡುವ ಪದ್ಧತಿಯೂ ಇದೆ. ಹೋದವರು ಬಿಸಿಲು, ಮುಳ್ಳಿನ ದಾರಿ ನಡೆಯಬೇಕು, ಅವರ ಕಾಲಿಗೆ ಆಸರೆ ಆಗಲಿ ಎಂಬ ನಂಬಿಕೆ ಅದರ ಹಿಂದೆ ಇದೆ. ಅತ್ತೆಯವರಿಗೆ ನಿಮ್ಮಪ್ಪನ ಮೇಲೆ ಸಿಟ್ಟೇನೂ ಇರಲಾರದು. ಅವರು ನಡೆಯಬೇಕಾದ ದಾರಿಗೆ ಅಡ್ಡ ಬಂದಂತಾಗುತ್ತದೆ ಎಂಬ ಭಯ ಇರಬಹುದು.

ಆದರೆ ಇದೇ ಸೀಮೆಯಲ್ಲಿ ಇನ್ನೊಂದು ನಂಬಿಕೆಯೂ ಇದೆ, ಅದನ್ನು ಅವರಿಗೆ ನೆನಪಿಸಿ. ಬೇಲೂರು ನಿಮ್ಮಿಂದ 40 ಕಿಲೋಮೀಟರ್ ಆಸುಪಾಸು. ಅಲ್ಲಿನ ಚೆನ್ನಕೇಶವನನ್ನು 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ. ಜನ ಹೇಳುವ ಕಥೆಯಲ್ಲಿ ಆ ವಿಗ್ರಹ ಬಂದದ್ದು ಬಾಬಾಬುಡನ್‌ಗಿರಿಯಿಂದ. ದೇವರು ಬೇಲೂರಿಗೆ ಬಂದ, ದೇವಿ ಬೆಟ್ಟದಲ್ಲೇ ಉಳಿದಳು. ಅದಕ್ಕೆ ಕೇಶವ ಆಗಾಗ ಎದ್ದು ಹೆಂಡತಿಯನ್ನು ನೋಡಲು ಬೆಟ್ಟಕ್ಕೆ ನಡೆದುಹೋಗುತ್ತಾನಂತೆ. ಆ ನಡಿಗೆಗೆಂದೇ ದೇವಸ್ಥಾನದಲ್ಲಿ ದೊಡ್ಡ ಚಪ್ಪಲಿ ಜೋಡಿ ಇಡುವ ಸಂಪ್ರದಾಯ. ನಡೆದೂ ನಡೆದೂ ಅವು ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಚಮ್ಮಾರರ ಕನಸಿನಲ್ಲಿ ಅದು ತಿಳಿಯುತ್ತದಂತೆ. ಅವರು ಹೊಸ ಜೋಡಿ ಹೊಲಿದು ತರುತ್ತಾರೆ. ಹಳೆಯ ಮೈಸೂರು ಗೆಜೆಟಿಯರಿನಲ್ಲೂ ಈ ಮಾತು ದಾಖಲಾಗಿದೆ. ಚಪ್ಪಲಿ ಒಪ್ಪಿಸಲು ಬಂದಾಗ ಅವರನ್ನು ದೇವಸ್ಥಾನದ ಅಂಗಳಕ್ಕೆ ಬಿಡುತ್ತಿದ್ದರು ಎಂದೂ ಅಲ್ಲಿದೆ. ಉಳಿದ ದಿನ ಅವರು ಹೊರಗೇ ನಿಲ್ಲಬೇಕಿತ್ತು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ. ನನಗೆ ಈ ಕಥೆಯಲ್ಲಿ ಯಾವಾಗಲೂ ಚುಚ್ಚುವುದು ಇದು. ಚರ್ಮ ಮೈಲಿಗೆ, ಮೆಟ್ಟು ಮೈಲಿಗೆ ಅನ್ನುವ ಮಾತಿನ ಬುಡದಲ್ಲಿ, ಅದನ್ನು ಹೊಲಿದ ಕೈಗಳನ್ನು ನಾವು ದೂರ ಇಟ್ಟದ್ದೂ ಸೇರಿಕೊಂಡಿದೆ. ದೇವರಿಗೆ ಮಾತ್ರ ಆ ಚಪ್ಪಲಿ ಬೇಕಾಗಿತ್ತು.

ಅತ್ತೆಯವರ ಜೊತೆ ವಾದ ಬೇಡ. ಒಂದು ರಜೆ ದಿನ ಬೇಲೂರಿಗೆ ಕರೆದುಕೊಂಡು ಹೋಗಿ ದರ್ಶನ ಮಾಡಿಸಿ, ಈ ಕಥೆ ಹೇಳಿ. ಗರ್ಭಗುಡಿ ಇರುವ ಜಾಗದಲ್ಲೇ ಚಪ್ಪಲಿ ಇರಬಹುದಾದರೆ ನಮ್ಮ ಮನೆಯ ಅಟ್ಟದ ಮೇಲೆ ಒಂದು ಡಬ್ಬ ಇರಬಾರದಾ ಎಂದು ಕೇಳಿ. ನಿಮ್ಮ ಕಡೆಯಿಂದಲೂ ಒಂದು ಹೆಜ್ಜೆ ಬೇಕು. ಬಟ್ಟೆಬರೆ, ದೇವರ ಸಾಮಾನು ಇರುವ ಬೀರುವಿನಲ್ಲಿ ಶೂ ಬೇಡ. ವರ್ಷದ ತಿಥಿಗೆ ಅಪ್ಪನ ಹೆಸರಿನಲ್ಲಿ ಹೊಸ ಚಪ್ಪಲಿ, ಕೊಡೆ ತಂದು ಕಾಲಿಗೆ ಗತಿ ಇಲ್ಲದವರೊಬ್ಬರಿಗೆ ಕೊಡಿ. ಆ ಕೊಡುವುದನ್ನು ಅತ್ತೆಯವರ ಕೈಯಲ್ಲೇ ಮಾಡಿಸಿ. ಅವರ ಭಯಕ್ಕೂ ಒಂದು ದಾರಿ ಸಿಗುತ್ತದೆ.

ಶೂವಿನ ಆರೈಕೆ ಮಾತ್ರ ಈ ವಾರವೇ ಆಗಲಿ, ಮಳೆ ಹಿಡಿಯುವ ಮುಂಚೆ. ಬೂಷ್ಟು ಬಂದದ್ದು ಪ್ಲಾಸ್ಟಿಕ್ ಕವರಿನಿಂದ. ಚರ್ಮದ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಮನೆಯಾಚೆ ತೆಗೆದುಕೊಂಡು ಹೋಗಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಬಟ್ಟೆಯಲ್ಲಿ ಒರೆಸಿ. ಆಮೇಲೆ ವಿನೆಗರ್ ಬೆರೆಸಿದ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಇನ್ನೊಮ್ಮೆ. ಬಿಸಿಲಿಗೆ ಇಡಬೇಡಿ, ಚರ್ಮ ಗಡುಸಾಗಿ ಬಿರುಕು ಬಿಡುತ್ತದೆ. ಗಾಳಿಯಾಡುವ ನೆರಳು ಸಾಕು. ಒಣಗಿದ ಮೇಲೆ ಬಣ್ಣವಿಲ್ಲದ ಪಾಲಿಶ್ ತೆಳುವಾಗಿ ಹಚ್ಚಿ. ಒಳಗೆ ಹಳೆಯ ಪೇಪರ್ ಉಂಡೆ ಮಾಡಿ ತುಂಬಿ. ಲೇಸು ಬಿಚ್ಚದೆಯೇ ತುಂಬಬಹುದು, ಗಂಟಿನ ತಂಟೆಗೆ ಹೋಗಬೇಡಿ. ಅಪ್ಪನ ಹಳೆಯ ಪಂಚೆ ಇದ್ದರೆ ಅದರಲ್ಲಿ ಸುತ್ತಿ ರಟ್ಟಿನ ಡಬ್ಬದಲ್ಲಿಡಿ. ಪ್ರತಿವರ್ಷ ಆಯುಧಪೂಜೆ ಹೊತ್ತಿಗೆ ಮಳೆ ಕಡಿಮೆಯಾಗಿರುತ್ತದೆ, ಆಗ ತೆಗೆದು ಗಾಳಿಗೆ ಹಿಡಿಯಿರಿ. ಅಡಿ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್‌ನದಾಗಿದ್ದರೆ ಹಾಕದೆ ಇಟ್ಟರೂ ಕೆಲವು ವರ್ಷಕ್ಕೆ ತೇವಕ್ಕೆ ಪುಡಿಪುಡಿ ಆಗುತ್ತದೆ. ಹಾಗಾದರೆ ಗಾಬರಿ ಬೀಳಬೇಡಿ. ಮೇಲಿನ ಚರ್ಮ ಉಳಿಯುತ್ತದೆ.

ಗಂಬೂಟಿಗೆ ಬರುತ್ತೇನೆ. ಇಲ್ಲಿ ನಿಮ್ಮವ್ವ ಮಾಡಿದ್ದರಲ್ಲಿ ಒಂದು ಸರಿ, ಒಂದು ತಪ್ಪು. ಮಕ್ಕಳನ್ನು ಒಂದು ಮಾತು ಕೇಳಬೇಕಿತ್ತು. ಕೊಟ್ಟದ್ದು ಮಾತ್ರ ಸರಿಯಾದ ಕಾಲಿಗೇ ಹೋಗಿದೆ. ಆಷಾಢದ ಮಳೆಯಲ್ಲಿ, ಇಂಬಳ ಹತ್ತುವ ತೋಟದಲ್ಲಿ ಗಂಬೂಟು ಇಲ್ಲದೆ ಕೆಲಸ ಮಾಡುವುದು ಏನೆಂದು ನಿಮ್ಮವ್ವನಿಗೆ ಯಾರೂ ಹೇಳಬೇಕಿಲ್ಲ. ರಬ್ಬರ್ ಬೂಟು ಸುಮ್ನೆ ಮೂಲೆಯಲ್ಲಿದ್ದರೆ ಗಡುಸಾಗಿ ಸೀಳುತ್ತದೆ. ನೀವು ತಂದಿಟ್ಟಿದ್ದರೂ ಉಳಿಯುತ್ತಿರಲಿಲ್ಲ.

ಹೊಸದು ಕೊಟ್ಟು ಹಳೆಯದು ಕೇಳುವುದು ನಿಮಗೆ ನ್ಯಾಯವಾದ ವ್ಯಾಪಾರ ಅನ್ನಿಸಬಹುದು. ಸ್ವಲ್ಪ ಅವರ ಕಡೆಯಿಂದ ನೋಡಿ. ರೈಟರ ಮಗಳು ಕೇಳಿದರೆ ಆ ಮನುಷ್ಯ ಇಲ್ಲ ಅನ್ನುವುದು ಹೇಗೆ? ನಿಮ್ಮ ಕೋರಿಕೆ ಅವರ ಕಿವಿಗೆ ಆರ್ಡರ್ ಆಗಿ ಬೀಳುತ್ತದೆ. ಅವರೂ ನಿಮ್ಮಪ್ಪನ ಜೊತೆ ಕೆಲಸ ಮಾಡಿದವರು. ಹಾಜರಿ ಹಾಕಿಸಿಕೊಂಡವರು, ಬೈಸಿಕೊಂಡವರು, ಕಣದಲ್ಲಿ ಒಟ್ಟಿಗೆ ಕಾಫಿ ಹರಡಿದವರು. ಆ ಬೂಟಿನ ಮೇಲೆ ಅವರಿಗೂ ಅಕ್ಕರೆ ಇರಬಹುದು. ಅಪ್ಪನ ಗುರುತು ಇರುವವರು ಇಂಥವರೇ. ಮುಂದಿನ ಸಲ ಕಂಡಾಗ ಮುಖ ತಿರುಗಿಸಬೇಡಿ, ಅಪ್ಪ ತೋಟದಲ್ಲಿ ಹೇಗಿದ್ದರು ಅಂತ ಕೇಳಿ. ಮನೆಯಲ್ಲಿ ನೀವು ನೋಡದ ಅಪ್ಪ ಅವರಿಗೆ ಗೊತ್ತು. ಹೊಸ ಗಂಬೂಟು ಕೊಡುವ ಮನಸ್ಸಿದ್ದರೆ ಕೊಡಿ, ಹಳೆಯದರ ಮಾತೆತ್ತಬೇಡಿ.

ಇಷ್ಟೆಲ್ಲದಕ್ಕೂ ಮೊದಲು ಅವ್ವನ ಹತ್ತಿರ ಹೋಗಿ. ಫೋನಿನಲ್ಲಿ ಬೇಡ. ನೀವು ಹಬ್ಬದ ದಿನ ಒಮ್ಮೆ ಕಂಡು ಅತ್ತ ಬೂಟು, ಅವರ ಕಣ್ಣೆದುರು ಬಾಗಿಲ ಪಕ್ಕ ಹನ್ನೊಂದು ದಿನ ಖಾಲಿ ನಿಂತಿತ್ತು. ಗಂಡ ತೋಟದಿಂದ ಬಂದನಾ ಎಂದು ಅವರು ಇಷ್ಟು ವರ್ಷ ನೋಡುತ್ತಿದ್ದದ್ದು ಅದೇ ಜಾಗ. ನೀವು ಹಾಸನಕ್ಕೆ ವಾಪಸ್ ಬಂದಿರಿ, ಅವರು ಅಲ್ಲೇ ಇರಬೇಕಿತ್ತು. ಕೊಟ್ಟದ್ದು ಯಾಕೆ ಎಂದು ವಿಚಾರಣೆ ಮಾಡಬೇಡಿ. ‘ಅವತ್ತು ಜಾಸ್ತಿ ಮಾತಾಡಿಬಿಟ್ಟೆ ಅವ್ವ’ ಎಂದು ಒಮ್ಮೆ ಹೇಳಿ ಸಾಕು. ಕೇಳದೆ ಕೊಟ್ಟದ್ದಕ್ಕೆ ನಿಮಗೆ ನೋವಾಗಿದೆ ಅನ್ನುವುದನ್ನೂ ಹೇಳಿ, ಮುಚ್ಚಿಡಬೇಡಿ. ಶೂ ಚೊಕ್ಕ ಮಾಡಿದ್ದರೆ ಅದನ್ನೂ ಜೊತೆಯಲ್ಲಿ ತೆಗೆದುಕೊಂಡು ಹೋಗಿ ಅವರ ಮಡಿಲಿಗೆ ಕೊಡಿ. ಆಮೇಲೆ ಆ ತೇಪೆ ಹಾಕಿದವರು ಯಾರು, ಯಾವ ಮಳೆಗಾಲದಲ್ಲಿ ಎಂದು ಕೇಳಿ. ಅದು ಗೊತ್ತಿರುವವರು ಅವರೊಬ್ಬರೇ.