ಓದುಗರ ಪ್ರಶ್ನೆ, ತಜ್ಞರ ಉತ್ತರ: ಪಾಸ್ಕ್ವಿನೇಡ್ ಮತ್ತು ರೋಮ್‌ನ ದರ್ಜಿ

ಪ್ರಶ್ನೆ: ಪಾಸ್ಕ್ವಿನೇಡ್ ಅಂದರೆ ಏನು? ಪಾಸ್ಕ್ವಿನೊ ಎಂಬ ದರ್ಜಿಯಿಂದ ಆ ಪದ ಬಂತಂತೆ, ನಿಜವೇ?

ಈ ದರ್ಜಿಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ವಿವರವಾಗಿಯೇ ಬರೆಯುತ್ತೇನೆ.

ಪಾಸ್ಕ್ವಿನೇಡ್ ಅಂದರೆ ಅಧಿಕಾರದಲ್ಲಿರುವವರನ್ನು ಹೆಸರು ಹಾಕದೆ ಗೇಲಿ ಮಾಡುವ ಬೀದಿ ಬರಹ. ಪದ ಬಂದದ್ದು ರೋಮ್‌ನ ಪಾಸ್ಕ್ವಿನೊ ಎಂಬ ಪ್ರತಿಮೆಯಿಂದ. ಪಿಯಾಜ್ಜಾ ನವೋನಾ ಎಂಬ ಚೌಕದ ಹತ್ತಿರ, ಬ್ರಾಸ್ಕಿ ಅರಮನೆಯ ಮೂಲೆಯಲ್ಲಿ ಅದು ಇವತ್ತಿಗೂ ಇದೆ. ಕೈಗಳಿಲ್ಲ, ಮುಖ ಸವೆದುಹೋಗಿದೆ. ಟ್ರಾಯ್ ಯುದ್ಧದಲ್ಲಿ ಸತ್ತ ವೀರ ಪಟ್ರೋಕ್ಲಸ್‌ನನ್ನು ಎತ್ತಿ ಹಿಡಿದ ಗ್ರೀಕ್ ರಾಜ ಮೆನೆಲಾಸ್ ಎಂದು ವಿದ್ವಾಂಸರು ಗುರುತಿಸುತ್ತಾರೆ. 1501ರಲ್ಲಿ ಕಾರ್ಡಿನಲ್ (ಪೋಪ್‌ನ ಕೆಳಗಿನ ಹಿರಿಯ ಧರ್ಮಾಧಿಕಾರಿ) ಒಲಿವಿಯೆರೊ ಕರಾಫಾ ಅದನ್ನು ಅಲ್ಲಿ ನಿಲ್ಲಿಸಿದ. ಪ್ರತಿ ಏಪ್ರಿಲ್ 25ರಂದು, ಸಂತ ಮಾರ್ಕನ ಹಬ್ಬಕ್ಕೆ, ಜನ ಅದಕ್ಕೆ ವೇಷ ತೊಡಿಸಿ ಲ್ಯಾಟಿನ್ ಪದ್ಯಗಳನ್ನು ಅಂಟಿಸುತ್ತಿದ್ದರು. 1509ರಿಂದ ಆ ಪದ್ಯಗಳು ಅಚ್ಚಾಗತೊಡಗಿದವು.

ಮೊದಲು ಅದು ಓದಿದವರ ಹಬ್ಬದಾಟ. ಬರಬರುತ್ತಾ ಪದ್ಯಗಳಿಗೆ ಖಾರ ಏರಿತು. ಪೋಪ್‌ಗಳು, ಕಾರ್ಡಿನಲ್‌ಗಳು, ಅವರ ನೆಂಟರಿಷ್ಟರು ಯಾರನ್ನೂ ಬಿಡಲಿಲ್ಲ. 1521-22ರ ಪೋಪ್ ಆಯ್ಕೆಯ ಹೊತ್ತಿಗೆ ಇಟಲಿಯ ಬರಹಗಾರ ಪಿಯೆತ್ರೊ ಅರೆತಿನೊ ಇಂಥ ಪದ್ಯಗಳಿಂದಲೇ ಹೆಸರು ಮಾಡಿದ. ಬಾರ್ಬೆರಿನಿ ಮನೆತನದ ಪೋಪ್ ಎಂಟನೇ ಅರ್ಬನ್ ಪ್ಯಾಂಥಿಯಾನ್ ಎಂಬ ಪುರಾತನ ದೇಗುಲದ ಮುಖಮಂಟಪದ ಕಂಚನ್ನು ಕಿತ್ತಾಗ ರೋಮ್‌ನಲ್ಲಿ ಹಬ್ಬಿದ ಸಾಲು ಇದು: "ಬಾರ್ಬೇರಿಯನ್ನರು (ಅನಾಗರಿಕರು) ಮಾಡದ್ದನ್ನು ಬಾರ್ಬೆರಿನಿಗಳು ಮಾಡಿದರು." ಬರೆದವರ ಹೆಸರಿಲ್ಲ, ಬೈಸಿಕೊಂಡವನು ಅಧಿಕಾರದಲ್ಲಿದ್ದಾನೆ, ಓದುವವರು ಬೀದಿಯ ಜನ. ಪಾಸ್ಕ್ವಿನೇಡ್ ಅಂದರೆ ಇದೇ.

ಇನ್ನು ದರ್ಜಿ. ಆ ಚೌಕದ ಹತ್ತಿರ ಬಾಯಿಜೋರಿನ ದರ್ಜಿಯೊಬ್ಬ ಇದ್ದ, ಅವನ ಹೆಸರೇ ಪ್ರತಿಮೆಗೆ ಅಂಟಿತು ಎಂಬುದು ಕಥೆ. ಅದು ಕಾಣಿಸಿಕೊಂಡದ್ದು ಪ್ರತಿಮೆ ನಿಂತು ದಶಕಗಳಾದ ಮೇಲೆ. ಇನ್ನೊಬ್ಬರ ಬಾಯಲ್ಲಿ ಅದೇ ಪಾಸ್ಕ್ವಿನೊ ಮೇಷ್ಟ್ರಾಗುತ್ತಾನೆ, ಮತ್ತೊಬ್ಬರಲ್ಲಿ ಕ್ಷೌರಿಕನಾಗುತ್ತಾನೆ. ಕಸುಬೇ ನಿಲ್ಲದವನನ್ನು ಇತಿಹಾಸ ಅಂತ ಹೇಗೆ ಒಪ್ಪೋಣ? ಪ್ರತಿಮೆಯಿಂದ ಪದ ಬಂತು ಎಂಬಷ್ಟಕ್ಕೆ ದಾಖಲೆ ಇದೆ. ಪ್ರತಿಮೆಗೆ ಆ ಹೆಸರು ಯಾರಿಂದ ಬಂತು ಎಂಬುದು ಬರೀ ಹೇಳಿಕೆ. ಲೇಖನ ಬರೆಯುವವರು ದಯವಿಟ್ಟು "ಎಂಬ ಕಥೆಯಿದೆ" ಎಂದು ಸೇರಿಸಿ.

ಇನ್ನೊಂದು ಎಚ್ಚರಿಕೆ. ಸಿಕ್ಕ ಗೇಲಿಗೆಲ್ಲ ಈ ಪದ ಹಚ್ಚಬೇಡಿ. ಹೆಸರು ಮುಚ್ಚಿಕೊಂಡು ಪಕ್ಕದ ಮನೆಯವರ ಮೇಲೆ ಬರೆದರೆ ಅದು ಚಾಡಿ. ಅಂಥದ್ದಕ್ಕೆ ಗೌರವದ ಹೆಸರು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಅಧಿಕಾರದ ಮುಂದೆ ಹೆಸರು ಮುಚ್ಚಬೇಕಾದ್ದು ಬೇರೆ ಮಾತು. 18ನೇ ಶತಮಾನದಲ್ಲೂ ಪೋಪ್ ಆಡಳಿತ ಇಂಥ ಬರಹಕ್ಕೆ ಮರಣದಂಡನೆ ಸಾರಿತ್ತು.

ಪ್ರಶ್ನೆ: ಇದು ಸಂಸ್ಕೃತದ 'ಪಶು'ವಿನಿಂದ ಬಂದ ಪದ ಎಂದು ವಾಟ್ಸಾಪ್‌ನಲ್ಲಿ ಓದಿದೆ.

ಅಲ್ಲ. ಸದ್ದು ಹೊಂದಿದ ಮಾತ್ರಕ್ಕೆ ನೆಂಟಸ್ತನ ಹುಟ್ಟುವುದಿಲ್ಲ. ಹೀಗೆ ಸುಮ್ನೆ ವ್ಯುತ್ಪತ್ತಿ ಕಟ್ಟಿ ಹಂಚುವವರು ಭಾಷೆ ಕಲಿಯುವ ಮಕ್ಕಳಿಗೆ ಮಾಡುವ ಹಾನಿ ಜಾಸ್ತಿ.

ಪ್ರಶ್ನೆ: ಸಟೈರ್ ಎಂಬ ಪದ ಗ್ರೀಕ್ ಪುರಾಣದ ಸೇಟರ್‌ನಿಂದ ಬಂದದ್ದು ಅಲ್ವಾ?

ಅಲ್ಲ, ಲ್ಯಾಟಿನ್‌ನ 'ಸಟುರಾ' (ಬಗೆಬಗೆಯದು ಬೆರೆತದ್ದು) ಎಂಬ ಪದದಿಂದ. ವಿದ್ವಾಂಸ ಐಸಾಕ್ ಕಾಸೊಬಾನ್ 1605ರಲ್ಲೇ ಎರಡನ್ನೂ ಬೇರ್ಪಡಿಸಿ ತೋರಿಸಿದ್ದಾನೆ.

ಪ್ರಶ್ನೆ: ಆ ಪ್ರತಿಮೆಗೆ ಈಗಲೂ ಚೀಟಿ ಅಂಟಿಸುತ್ತಾರಾ?

ಅಂಟಿಸುತ್ತಾರೆ. ಆದರೆ ಕಲ್ಲಿಗಲ್ಲ, ಪಕ್ಕದಲ್ಲಿ ಇಟ್ಟಿರುವ ಹಲಗೆಗೆ.