ಸೂಜಿ ಆಮೇಲೆ, ಮೊದಲು ಮಾತ್ರೆ ಲೆಕ್ಕ ಹಾಕಿ

ಅಡಿಕೆ ಸುಲಿತ ಶುರುವಾದರೆ ಸಾಕು, ನನಗೆ ತಲೆನೋವಿನ ಪತ್ರಗಳೂ ಶುರು. ಈ ಸಲ ಬಹಳಷ್ಟು ಪತ್ರ ಅಕ್ಯುಪಂಕ್ಚರ್ ಬಗ್ಗೆಯೇ. 'ಸೂಜಿ ಚುಚ್ಚಿಸಿಕೊಂಡರೆ ತಲೆನೋವು ಹೋಗುತ್ತಾ ಡಾಕ್ಟ್ರೇ?' ಇಷ್ಟೇ ಬರೆಯುತ್ತೀರಿ. ವಯಸ್ಸೆಷ್ಟು, ಎಂಥ ನೋವು, ವಾರಕ್ಕೆ ಎಷ್ಟು ಮಾತ್ರೆ ನುಂಗುತ್ತೀರಿ, ಒಂದೂ ಇಲ್ಲ. ನಾನು ಕಣಿ ಹೇಳಲು ಕೂತಿಲ್ಲ. ಎಲ್ಲ ವಿವರ ಬರೆದ ಒಬ್ಬರಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಹೆಂಡತಿಗೆ 38 ವರ್ಷ. ಕಾಲೇಜಿನ ದಿನಗಳಿಂದ ಅರೆತಲೆನೋವು. ಬಂದರೆ ವಾಂತಿ, ಬೆಳಕು ಕಂಡರೆ ಆಗುವುದಿಲ್ಲ. ಸ್ಕ್ಯಾನಿಂಗ್ ನಾರ್ಮಲ್. ಪ್ರೊಪ್ರನಲಾಲ್ ಕೊಟ್ಟಿದ್ದಾರೆ. ಆದರೂ ಒಂದು ವರ್ಷದಿಂದ ಹೆಚ್ಚುಕಮ್ಮಿ ದಿನಾ ನೋವು, ದಿನಾ ಒಂದು ನೋವಿನ ಮಾತ್ರೆ. ಶಿವಮೊಗ್ಗದಲ್ಲಿ ಅಕ್ಯುಪಂಕ್ಚರ್ ಮಾಡುವವರೊಬ್ಬರು, ಹತ್ತು ಸಿಟಿಂಗ್‌ನಲ್ಲಿ ಬುಡಸಮೇತ ಹೋಗುತ್ತದೆ, ಆದರೆ ಇಂಗ್ಲಿಷ್ ಮಾತ್ರೆ ಎಲ್ಲವನ್ನೂ ಇವತ್ತೇ ನಿಲ್ಲಿಸಿ ಅಂದಿದ್ದಾರೆ. ಹೋಗಬಹುದಾ? — ತೀರ್ಥಹಳ್ಳಿ ಕಡೆಯ ಓದುಗರು

ಅಕ್ಯುಪಂಕ್ಚರಿಗೆ ಹೋಗಬಹುದು. 'ಬುಡಸಮೇತ' ಅಂದವರ ಹತ್ತಿರ ಬೇಡ. 'ಇವತ್ತೇ ಎಲ್ಲ ನಿಲ್ಲಿಸಿ' ಅಂದವರ ಹತ್ತಿರ ಬೇಡವೇ ಬೇಡ.

ಮೊದಲು ಮಾತ್ರೆಯ ವಿಷಯ. ಮೈಗ್ರೇನ್, ಅಂದರೆ ಅರೆತಲೆನೋವು, ಇರುವವರು ಸಾದಾ ಪ್ಯಾರಾಸಿಟಮಾಲನ್ನೇ ಆದರೂ ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ, ಮೂರು ತಿಂಗಳು ದಾಟಿ ನುಂಗುತ್ತಾ ಹೋದರೆ, ಮಾತ್ರೆಯೇ ತಲೆನೋವು ತರಲು ಶುರು ಮಾಡಬಹುದು. ಕೆಫೀನ್ ಬೆರೆಸಿದ ಮಾತ್ರೆ, ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್, ಎರ್ಗಾಟ್ ಆದರೆ ತಿಂಗಳಿಗೆ 10 ದಿನವೇ ಸಾಕು. ನಿಮ್ಮ ಮನೆಯವರ ನೋವಿನಲ್ಲಿ ಮೈಗ್ರೇನಿನ ಪಾಲೆಷ್ಟು, ಮಾತ್ರೆಯ ಪಾಲೆಷ್ಟು ಅಂತ ಸ್ಕ್ಯಾನಿಂಗ್ ಹೇಳುವುದಿಲ್ಲ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಿಂದ ಅಂದಾಜು ಸಿಗುತ್ತದೆ. ನೋವು ಬಂದ ದಿನ ಒಂದು ಗೀಟು, ಮಾತ್ರೆ ನುಂಗಿದ ದಿನ ಒಂದು ಸೊನ್ನೆ ಹಾಕಿ. ತಿಂಗಳ ಕೊನೆಗೆ ಎಣಿಸಿ.

ನೋವಿನ ಮಾತ್ರೆ ಬಿಡಬೇಕು, ನಿಜ. ಆದರೆ ಡಾಕ್ಟರನ್ನು ಕೇಳಿಕೊಂಡು ಬಿಡಬೇಕು. ಬಿಟ್ಟ ಮೇಲೆ ಎರಡರಿಂದ ಹತ್ತು ದಿನ ನೋವು, ವಾಂತಿ, ನಿದ್ದೆಗೇಡು ಹೆಚ್ಚಾಗಬಹುದು. ಆಗ 'ರೋಗ ಹೊರಗೆ ಬರ್ತಾ ಇದೆ' ಅನ್ನುತ್ತಾರೆ ಸೂಜಿಯವರು. ಆಮೇಲೆ ನೋವು ಇಳಿದರೆ 'ನೋಡಿ, ನಮ್ಮ ಸೂಜಿ' ಅನ್ನುತ್ತಾರೆ. ಮಾತ್ರೆ ಬಿಟ್ಟಿದ್ದಕ್ಕೇ ಇಳಿದಿರಬಹುದು, ಅಲ್ವಾ? ಇನ್ನು ಪ್ರೊಪ್ರನಲಾಲ್ ನೋವಿನ ಮಾತ್ರೆಯೇ ಅಲ್ಲ, ಮೈಗ್ರೇನ್ ಬರದ ಹಾಗೆ ತಡೆಯುವ ಮಾತ್ರೆ. ಅದನ್ನು ದಿಢೀರ್ ಬಿಟ್ಟರೆ ಎದೆ ಡವಡವ ಹೊಡೆದುಕೊಳ್ಳಬಹುದು, ಬಿ.ಪಿ. ಏರಬಹುದು. ಇಷ್ಟೂ ಗೊತ್ತಿಲ್ಲದವರು ಮಾತ್ರೆ ನಿಲ್ಲಿಸಿ ಅನ್ನುತ್ತಾರಲ್ಲ, ನನಗೆ ಸಿಟ್ಟು ಬರುವುದು ಅದಕ್ಕೇ.

ಹಾಗಾದರೆ ಸೂಜಿಯಿಂದ ಪ್ರಯೋಜನ ಇಲ್ವಾ? ಇದೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ಪರಿಶೀಲನೆಯಲ್ಲಿ 22 ಪ್ರಯೋಗಗಳ ಸುಮಾರು 5,000 ಮೈಗ್ರೇನ್ ರೋಗಿಗಳ ಲೆಕ್ಕ ಇದೆ. ಸೂಜಿ ಹಾಕಿಸಿಕೊಂಡವರಲ್ಲಿ 100ಕ್ಕೆ 41 ಜನರಿಗೆ ನೋವು ಬರುವುದು ಅರ್ಧಕ್ಕೆ ಇಳಿಯಿತು, ಹಾಕಿಸಿಕೊಳ್ಳದವರಲ್ಲಿ 17 ಜನರಿಗೆ. ಸರಿಯಾದ ಸೂಜಿಯನ್ನು ತೋರಿಕೆಗೆ ಚುಚ್ಚಿದ ಸೂಜಿಯ ಜೊತೆ ಹೋಲಿಸಿದ ಪ್ರಯೋಗಗಳಲ್ಲಿ ಮಾತ್ರ ಸರಿಯಾದದ್ದಕ್ಕೆ 50, ತೋರಿಕೆಯದಕ್ಕೆ 41, ಅಂತರ ಸಣ್ಣದು. ಲಾಭದ ದೊಡ್ಡ ಪಾಲು ಅರ್ಧ ಗಂಟೆ ಸುಮ್ನೆ ಮಲಗಿಸಿ, ಕಷ್ಟಸುಖ ಕೇಳುವುದರಿಂದಲೇ ಬರುತ್ತಿರಬಹುದು. ಬಂದರೆ ಬರಲಿ ಬಿಡಿ, ನನಗೇನೂ ತಕರಾರಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯೂ ತಡೆಯುವ ಮಾತ್ರೆ ಹಿಡಿಸದ ಮೈಗ್ರೇನಿಗೆ 5ರಿಂದ 8 ವಾರಗಳಲ್ಲಿ 10 ಸಿಟಿಂಗ್‌ವರೆಗೆ ನೋಡಬಹುದು ಅನ್ನುತ್ತದೆ. ಹಾಗಾಗಿ ಹತ್ತು ಅಂದಿದ್ದು ಸುಳ್ಳಲ್ಲ, ಬುಡ ಅಂದಿದ್ದು ಸುಳ್ಳು.

ಹೋದಾಗ ಕಣ್ಣು ಬಿಟ್ಟು ನೋಡಿ. ಸೂಜಿಯ ಪ್ಯಾಕೆಟ್ಟನ್ನು ನಿಮ್ಮೆದುರೇ ಒಡೆಯಬೇಕು. ಕೂದಲಿಗಿಂತ ಸ್ವಲ್ಪ ದಪ್ಪ ಇರುತ್ತದೆ, ಅಷ್ಟೇ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸಕ್ಕೆ, ಕತ್ತಿನ ಹಿಂದೆ ತಲೆಬುರುಡೆ ಮುಗಿಯುವ ತಗ್ಗಿಗೆ, ಕಣ್ಣಿನ ಪಕ್ಕದ ಕಪಾಲಕ್ಕೆ ಹಾಕುತ್ತಾರೆ. ಜೋಮು ಹಿಡಿದ ಹಾಗೆ ಭಾರ ಅನ್ನಿಸುವುದು ಸಹಜ. ಸ್ಪಿರಿಟ್ ಬಟ್ಟಲಿನಲ್ಲಿ ಅದ್ದಿಟ್ಟ ಹಳೇ ಸೂಜಿ ಕಂಡರೆ ಎದ್ದು ಬನ್ನಿ. ಹೆಪಟೈಟಿಸ್ ಬಿ ಬರಲು ಒಂದು ಸೂಜಿ ಸಾಕು. ಹೆಗಲಿಗೆ, ಬೆನ್ನಿಗೆ ಹಾಕಿಸಿಕೊಂಡ ಮೇಲೆ ಎದೆನೋವು, ಉಸಿರು ಕಟ್ಟಿದ ಹಾಗೆ ಆದರೆ ನೇರ ಆಸ್ಪತ್ರೆಗೆ ಹೋಗಿ. ಅಪರೂಪಕ್ಕೆ ಸೂಜಿ ಶ್ವಾಸಕೋಶಕ್ಕೆ ತಾಗುವುದುಂಟು. ಸೂಜಿಯ ಜೊತೆ ಹೆಸರಿಲ್ಲದ ಪುಡಿ ಪೊಟ್ಟಣ ಕೊಟ್ಟರೆ ತಗೊಳ್ಳಬೇಡಿ.

ಇನ್ನೊಂದು. ರಾತ್ರಿ ಹನ್ನೊಂದರ ತನಕ ಮೆಟ್ಟುಕತ್ತಿ ಮುಂದೆ ಕತ್ತು ಬಗ್ಗಿಸಿ ಕೂತು, ಊಟ ತಡ ಮಾಡಿ, ಬೆಳಿಗ್ಗೆ ಐದಕ್ಕೆ ಅಡಿಕೆ ಹಂಡೆಗೆ ಬೆಂಕಿ ಹಾಕುವವರಿಗೆ ಯಾವ ಸೂಜಿಯೂ ಜಾಸ್ತಿ ದಿನ ಹಿಡಿಯುವುದಿಲ್ಲ. ಸುಲಿತದವರನ್ನು ಒಬ್ಬರು ಹೆಚ್ಚು ಕರೆಸಿ, ನಿಮ್ಮ ಮನೆಯವರನ್ನು ಹೊತ್ತಿಗೆ ಸರಿಯಾಗಿ ಉಣ್ಣಲು, ಮಲಗಲು ಬಿಡಿ.

ಎರಡು ದಿನದಿಂದ ಜ್ವರ, ಹಣೆ ಒಡೆಯುವಂಥ ನೋವು, ಮೈಕೈ ನೋವು. ಹೋದ ವಾರ ದರಗು ತರಲು ಕಾಡಿಗೆ ಹೋಗಿದ್ದೆ. ಸೂಜಿ ಹಾಕಿಸಲಾ? — ಸಾಗರ

ಇವರಿಗೆ ಆಗಲೇ ಫೋನ್ ಮಾಡಿ ಬೈದಿದ್ದೇನೆ. ಉಳಿದವರಿಗೆ ಹೇಳುತ್ತೇನೆ, ಕೇಳಿ. ಮಂಗನ ಕಾಯಿಲೆ ಶುರುವಾಗುವುದೇ ಹೀಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ, ನಮ್ಮ ಜಿಲ್ಲೆಯವರಿಗೇ ನೆನಪಿಲ್ಲ ಅಂದರೆ ಹೇಗೆ? ಅದನ್ನು ಹರಡುವುದು ಕಾಡಿನ ಉಣುಗು, ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವ ಆಗಬಹುದು. ಅಂಥ ಮೈಗೆ ಸೂಜಿ ಚುಚ್ಚುವುದಾ? ಆಸ್ಪಿರಿನ್, ಡೈಕ್ಲೋಫೆನಾಕ್, ಐಬುಪ್ರೊಫೇನ್ ಕೂಡ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ಹೇಳಿ, ರಕ್ತ ಪರೀಕ್ಷೆ ಮಾಡಿಸಿ.

ಕಿವಿಯ ಒಳಮಡಿಕೆಗೆ ರಿಂಗ್ ಚುಚ್ಚಿಸಿದರೆ ಮೈಗ್ರೇನ್ ಬರುವುದಿಲ್ಲವಂತೆ? — ಭದ್ರಾವತಿ

ಚೆಂದಕ್ಕಾದರೆ ಚುಚ್ಚಿಸಿ.

ಮಳೆಗಾಲ ಪೂರ್ತಿ ಸೈನಸ್ ತಲೆನೋವು. ಸೂಜಿ ಆಗುತ್ತಾ? — ಹೊಸನಗರ

ದಪ್ಪ ಹಳದಿ ಸಿಂಬಳ ಇಲ್ಲ, ಜ್ವರ ಇಲ್ಲ, ಆದರೂ ಸೈನಸ್ ಅನ್ನುವವರಲ್ಲಿ ಬಹಳ ಜನರದ್ದು ಮೈಗ್ರೇನೇ. ಮೊದಲು ಯಾವುದು ಅಂತ ತಿಳಿದುಕೊಳ್ಳಿ.

ಏಳು ತಿಂಗಳ ಗರ್ಭಿಣಿ. ಮಾತ್ರೆ ಬೇಡ ಅಂತ ಸೂಜಿ ಯೋಚನೆ ಮಾಡ್ತಿದ್ದೇನೆ. — ಶಿಕಾರಿಪುರ

ಸೂಜಿ ಬಿಡಿ ತಾಯಿ, ಇವತ್ತೇ ಬಿ.ಪಿ. ನೋಡಿಸಿ.

ಅಪ್ಪನಿಗೆ 67. ಹಿಂದೆ ತಲೆನೋವೇ ಇರಲಿಲ್ಲ, ಒಂದು ತಿಂಗಳಿಂದ ಬರುತ್ತಿದೆ. — ಕೊಪ್ಪ

50 ದಾಟಿದ ಮೇಲೆ ಹೊಸದಾಗಿ ಬಂದ ತಲೆನೋವಿಗೆ ಸೂಜಿಯ ಹೆಸರೇ ಎತ್ತಬೇಡಿ. ಅಗಿಯುವಾಗ ದವಡೆ ನೋಯುತ್ತದಾ, ಕಪಾಲ ಮುಟ್ಟಿದರೆ ನೋವಾ, ಕಣ್ಣು ಮಂಜಾ ಅಂತ ಕೇಳಿ. ಈಚೆಗೆ ಅಟ್ಟ ಹತ್ತುವಾಗ ತೊಲೆಗೆ ತಲೆ ಹೊಡೆದುಕೊಂಡಿದ್ದರಾ ಅಂತಲೂ ಕೇಳಿ. ಈ ವಯಸ್ಸಿನಲ್ಲಿ ಸಣ್ಣ ಪೆಟ್ಟಿಗೂ ತಲೆಯೊಳಗೆ ರಕ್ತ ನಿಧಾನಕ್ಕೆ ಜಿನುಗಬಹುದು. ಏನೂ ಇಲ್ಲ ಅಂದರೂ ಈ ವಾರದಲ್ಲಿ ಡಾಕ್ಟರಿಗೆ ತೋರಿಸಿ. ಒಂದಕ್ಕೆ ಹೌದು ಅಂದರೂ ಇವತ್ತೇ ಹೊರಡಿ.