ಹೆಗಲ ಮೇಲಿನ ಮೆತ್ತನೆ ಗಂಟು ತೆಗೆಸಬೇಕಾ?

ನಿಮ್ಮ ತಂದೆಯವರ ಹೆಗಲ ಮೇಲೆ ಮೆತ್ತನೆ ಗಂಟಿದೆ, ತೆಗೆಸಬೇಕಾ ಅಂತ ಕೇಳಿದ್ದೀರಿ. ಒತ್ತಿದರೆ ಬೆರಳಡಿ ಜಾರುತ್ತದೆ, ನೋವಿಲ್ಲ ಅಂದಿದ್ದೀರಿ. ಹಾಗಾದರೆ ಅದು ಹೆಚ್ಚಾಗಿ ಲಿಪೋಮಾ, ಅಂದರೆ ಕೊಬ್ಬಿನ ಗಂಟು. ನೀವು ಬರೆದದ್ದನ್ನಷ್ಟೇ ಓದಿ ಖಚಿತವಾಗಿ ಹೇಳಲಾಗದು. ಮೊದಲು ಮಡಿಕೇರಿಯ ಜಿಲ್ಲಾಸ್ಪತ್ರೆಯಲ್ಲಿ ಸರ್ಜನ್‌ಗೆ ತೋರಿಸಿ. ಅನುಮಾನವಿದ್ದರೆ ಅಲ್ಟ್ರಾಸೌಂಡ್ ಬರೆದುಕೊಡುತ್ತಾರೆ.

ಲಿಪೋಮಾನೇ ಆದರೆ ಸುಮ್ನೆ ಬಿಟ್ಟರೂ ತೊಂದರೆಯಿಲ್ಲ. ಆದರೆ ಕಾಫಿ ಚೀಲ ಹೊರುವಾಗ ಒತ್ತುತ್ತದೆ ಅಂದಿರಲ್ಲ, ತೆಗೆಸುವುದೇ ವಾಸಿ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಣ್ಣಗೆ ಕೊಯ್ದು, ಗಂಟನ್ನು ಪೊರೆ ಸಮೇತ ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಲೈಪೋಸಕ್ಷನ್, ಅಂದರೆ ಕೊಳವೆಯಿಂದ ಕೊಬ್ಬನ್ನು ಹೀರಿ ತೆಗೆಯುವ ವಿಧಾನವೂ ಇದೆ; ಅದರಲ್ಲಿ ಗಾಯ ಚಿಕ್ಕದು, ಆದರೆ ಉಳಿದ ಚೂರು ಮತ್ತೆ ಬೆಳೆಯಬಹುದು. ಎಣ್ಣೆ ತಿಕ್ಕಿದರೆ ಕರಗಲ್ಲ, ಯಾರು ಏನೇ ಹೇಳಲಿ.

ಗಂಟು 5 ಸೆಂ.ಮೀ. ದಾಟಿದ್ದರೆ, ಬೇಗ ಬೆಳೆಯುತ್ತಿದ್ದರೆ, ಗಟ್ಟಿಯಾದರೆ ಅಥವಾ ನೋವು ಶುರುವಾದರೆ ಕಾಫಿ ಕುಯ್ಲು ಮುಗಿಯಲಿ ಅಂತ ಕಾಯಬೇಡಿ.